ಅಪ್‌ಡೇಟ್: ಗ್ಯಾರೇಜಿನ ವಾಹನಗಳು, ನಮ್ಮ ಗೇಟು

ಚಿಕ್ಕಮಗಳೂರಿನ ನಮ್ಮ ಬೀದಿಯ ಗ್ಯಾರೇಜಿನವರು ರಿಪೇರಿಗೆ ಬಂದ ವಾಹನಗಳನ್ನು ಮನೆಗಳ ಗೇಟಿಗೆ ಅಡ್ಡ ನಿಲ್ಲಿಸುತ್ತಾರೆ, ಏನು ಮಾಡಲಿ ಎಂದು ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಎಂದವರಿಗೆ ಧನ್ಯವಾದ. ಉದ್ದಿಮೆ ಪರವಾನಗಿಯ ಪ್ರತಿ ಸಿಕ್ಕಿತು. ವಾಹನಗಳು ಸ್ವಂತ ಜಾಗದೊಳಗೇ ನಿಲ್ಲಬೇಕೆಂಬ ಷರತ್ತು ಅದರಲ್ಲಿದೆ. ತೋರಿಸಿದಾಗ ಮಾಲೀಕರು, “ಮುಳ್ಳಯ್ಯನಗಿರಿ ಇಳಿದು ಬ್ರೇಕ್ ಸವೆಸಿಕೊಂಡು ಬರುವವರನ್ನು ಎಲ್ಲಿಗೆ ಕಳುಹಿಸಲಿ ಸಾರ್?” ಎಂದರು. ಪ್ರಶ್ನೆ ನ್ಯಾಯವಾದದ್ದೇ, ಆದರೆ ಅದಕ್ಕೆ ಉತ್ತರ ನನ್ನ ಗೇಟಲ್ಲ!

ಈಗ ಹೆಚ್ಚಿನವು ಶೆಡ್ಡಿನೊಳಗೆ ಹೋಗಿವೆ. ಬಿಡಿಭಾಗಕ್ಕೆ ಕಾಯುತ್ತಿರುವ ಹಳೆಯ ಜೀಪೊಂದು ಮಾತ್ರ ಕದಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 127ನೇ ಕಲಮಿನಂತೆ, ಸಾರ್ವಜನಿಕ ಸ್ಥಳದಲ್ಲಿ 10 ಗಂಟೆ ಅಥವಾ ಹೆಚ್ಚು ಕಾಲ ನೋಡಿಕೊಳ್ಳುವವರಿಲ್ಲದೆ ಬಿಟ್ಟ ವಾಹನವನ್ನು ಪೊಲೀಸರು ಎಳೆಸಿಕೊಂಡು ಹೋಗಬಹುದು. ಫೋಟೊ ಸಮೇತ ದೂರು ಕೊಟ್ಟಿದ್ದೇನೆ.