ನಾರ್ಫೋಕ್‌ನ ಕೂಲಿಯಾಳು: ಇಬ್ಬರೂ ಒಬ್ಬರೇನಾ?

ಪ್ರಶ್ನೆ: ನಮ್ಮ ಯಜಮಾನರ ಮುತ್ತಜ್ಜನ ಅಜ್ಜ ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ಹೊಲದ ಕೂಲಿಯಾಳು. 1841ರ ಜನಗಣತಿಯಲ್ಲಿ ವಯಸ್ಸು 35, 1851ರಲ್ಲಿ 48! ಮಗಳಿಗೆ ಅವಳ ಅಪ್ಪನ ಕಡೆಯ ಬೇರನ್ನೂ ತೋರಿಸಬೇಕು ಅಂತ ಬಹಳ ಆಸೆ.

ಉತ್ತರ: ಒಬ್ಬರೇ ಇರಬಹುದು ಅಕ್ಕ. 1841ರಲ್ಲಿ 15 ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯುತ್ತಿದ್ದರು, 38 ಇದ್ದದ್ದು 35 ಆಗುತ್ತೆ. 1851ರ ಹಾಳೆಯಲ್ಲಿ ಹುಟ್ಟಿದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಊರು) ನೋಡಿ.

ಉತ್ತರ: ಸರ್ಕಾರಿ ಜನನ ನೋಂದಣಿ ಶುರುವಾದದ್ದೇ 1837ರ ಜುಲೈನಲ್ಲಿ. ಅದಕ್ಕೂ ಹಿಂದೆ ಚರ್ಚಿನ ದೀಕ್ಷಾಸ್ನಾನದ ಪುಸ್ತಕವೇ ಗತಿ. ಬಡವರ ಬದುಕು ಕಾಣೋದು ಸೆಟಲ್‌ಮೆಂಟ್ ವಿಚಾರಣೆಯ (ಬಡವನ ಹೊಣೆ ಯಾವ ಪ್ಯಾರಿಷ್‌ನದು ಅಂತ ತೀರ್ಮಾನಿಸೋ ವಿಚಾರಣೆ) ಕಾಗದಗಳಲ್ಲಿ: ಎಲ್ಲಿ ಹುಟ್ಟಿದ, ಯಾರ ಮನೆಯಲ್ಲಿ ವರ್ಷದ ಸಂಬಳಕ್ಕಿದ್ದ, ಎಲ್ಲಾ. ಉಳಿದಿದ್ದರೆ ಪುಣ್ಯ.

ಕೇಳಿದವರು: 1851ರ ಹಾಳೆ ನೋಡಿದೆ, ಹುಟ್ಟಿದ್ದು ಪಕ್ಕದ ಕೌಂಟಿ (ಜಿಲ್ಲೆಯಂಥದ್ದು) ಸಫೋಕ್‌ನಲ್ಲಿ! 1841ರಲ್ಲೂ 'ಇದೇ ಕೌಂಟಿಯಲ್ಲಿ ಹುಟ್ಟಿದ್ದೇ' ಎಂಬಲ್ಲಿ 'ಇಲ್ಲ' ಅಂತಿದೆ, ನಾನೇ ಗಮನಿಸಿರಲಿಲ್ಲ. ಇವತ್ತೇ ಆ ಪ್ಯಾರಿಷ್ ಪುಸ್ತಕ ಹುಡುಕ್ತೀನಿ.