ಸಿಂಥೆಟಿಕ್ ಡೈಮಂಡ್, ಡೋಪಿಂಗ್: ಕನ್ನಡದಲ್ಲಿ ಏನನ್ನೋಣ? (ತುರ್ತು)

ಎಲ್ಲರಿಗೂ ನಮಸ್ಕಾರ. ವಿಜ್ಞಾನ ಪ್ರದರ್ಶನವೊಂದಕ್ಕೆ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ವಿಷಯ, ವಜ್ರದಿಂದ ಎಲೆಕ್ಟ್ರಾನಿಕ್ ಸಾಧನ ಮಾಡುವುದು. ಗಣಿಯ ವಜ್ರ ಅಲ್ಲ, ಯಂತ್ರದಲ್ಲಿ ತಯಾರಾದದ್ದು. ‘ಕೃತಕ ವಜ್ರ’ ಅಂತ ಬರೆದೆ. ಓದಿದ ಇಬ್ಬರೂ “ಹಾಗಾದರೆ ಇದು ನಕಲಿನಾ?” ಅಂತ ಕೇಳಿದರು. ನಕಲಿ ಖಂಡಿತ ಅಲ್ಲ. ಅದೇ ಇಂಗಾಲ, ಅದೇ ಜೋಡಣೆ, ಶಾಖ ಸಾಗಿಸುವುದರಲ್ಲಿ ತಾಮ್ರಕ್ಕಿಂತ ಸುಮಾರು ಐದು ಪಟ್ಟು ಮುಂದೆ. ಬೇರೆ ಪದ ಕೊಡಿ. ಡೋಪಿಂಗ್‌ಗೂ, ಅಂದರೆ ವಿದ್ಯುತ್ ಹರಿಯಲೆಂದು ಬೇರೆ ಮೂಲವಸ್ತುವನ್ನು ಚೂರು ಸೇರಿಸುವುದಕ್ಕೂ, ಒಂದು ಬೇಕು. ನಾಳೆ ಸಂಜೆ ಅಚ್ಚಿಗೆ ಹೋಗುತ್ತದೆ.

ಮರುಪತ್ರ 1

‘ಸಂಶ್ಲೇಷಿತ ವಜ್ರ’. ಇದರಲ್ಲಿ ಚರ್ಚೆ ಮಾಡಲು ಏನಿದೆ? ದ್ಯುತಿಸಂಶ್ಲೇಷಣೆಯನ್ನು ಶಾಲೆಯ ಮಕ್ಕಳೂ ಓದುತ್ತಾರೆ. ಡೋಪಿಂಗ್‌ಗೆ ‘ಅಪಮಿಶ್ರಣ’. ಇನ್ನೊಂದು ಮಾತು, ಫಲಕದಲ್ಲಿ ಸೆಮಿಕಂಡಕ್ಟರ್‌ಗೆ ‘ಅರೆವಾಹಕ’ ಅಂತ ದಯವಿಟ್ಟು ಹಾಕಬೇಡಿ. ಅದು ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಕೂಡಿಸಿದ ದೋಷ. ‘ಅರ್ಧವಾಹಕ’ ಎನ್ನಿ.

ಮರುಪತ್ರ 2

ಸಂಶ್ಲೇಷಿತ ಬೇಡ ಮೇಡಂ. ಧಾತು ಶ್ಲಿಷ್, ಅಂಟು, ಕೂಡು ಎನ್ನುವ ಅರ್ಥ. ಎರಡು ಬೇರೆ ವಸ್ತು ಕೂಡಿ ಮೂರನೆಯದು ಆಗುವ ಕಡೆ ಅದು ಸರಿ. ವಜ್ರದಲ್ಲಿ ಇರುವುದು ಒಂದೇ ಮೂಲವಸ್ತು, ಯಾವುದನ್ನು ಯಾವುದಕ್ಕೆ ಕೂಡಿಸುವುದು?

ಕೆಲಸ ಹೇಗೆ ನಡೆಯುತ್ತದೆ ಅಂತ ನೋಡಿ, ಪದ ಅಲ್ಲೇ ಇದೆ. ವಜ್ರದ ತೆಳು ಚೂರೊಂದನ್ನು ಬೀಜವಾಗಿ ಇಡುತ್ತಾರೆ, ಸುತ್ತ ಜಲಜನಕವೇ ಜಾಸ್ತಿ, ಜೊತೆಗೆ ಸ್ವಲ್ಪ ಮೀಥೇನ್, ಮೈಕ್ರೋವೇವ್ ಹಾಯಿಸಿ ಪ್ಲಾಸ್ಮಾ (ವಿದ್ಯುದಾವೇಶದ ಬಿಸಿ ಅನಿಲ) ಎಬ್ಬಿಸುತ್ತಾರೆ, ಬೀಜವನ್ನು 700ರಿಂದ 1000 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಇರಿಸುತ್ತಾರೆ, ಮೀಥೇನ್ ಒಡೆದು ಅದರ ಇಂಗಾಲ ಬೀಜದ ಮೇಲೆ ಒಂದೊಂದೇ ಪರಮಾಣುವಾಗಿ ಕೂರುತ್ತಾ ಹೋಗುತ್ತದೆ, ಗ್ರಾಫೈಟ್ ಆಗಿ ಕೂತದ್ದನ್ನು ಜಲಜನಕ ಕೆರೆದು ತೆಗೆಯುತ್ತದೆ. ಎಷ್ಟೋ ಗಂಟೆ ಕಾದರೆ ಒಂದು ಬಿಲ್ಲೆ. ಇದು ಬೆಳೆಯುವುದೇ ಅಲ್ವಾ? 1954ರಲ್ಲಿ ಜನರಲ್ ಎಲೆಕ್ಟ್ರಿಕ್‌ನವರು ಭಾರಿ ಒತ್ತಡ ಹಾಕಿ ಮಾಡಿದಾಗಲೂ ಇಂಗಾಲ ಕರಗಿದ ಲೋಹದೊಳಗಿಂದ ಹರಳುಗಟ್ಟಿತು. ಹರಳು ಬೆಳೆಯುತ್ತದೆ ಅಂತಲೇ ನಾವು ಹೇಳುವುದು. ‘ಬೆಳೆಸಿದ ವಜ್ರ’ ಎಂದು ಬರೆಯಿರಿ. ಅರಿಸಮಾಸ ಅಂತ ಯಾರೂ ಎದ್ದು ನಿಲ್ಲಬೇಕಿಲ್ಲ, ಇದು ಗಮಕ, ಅಂದರೆ ‘ಬೆಳೆಸಿದ’ ಎಂಬಂಥ ಪದ ಮೊದಲು ಬರುವ ಸಮಾಸ, ಅಲ್ಲಿ ಆ ದೋಷ ಇಲ್ಲ.

‘ಅಪಮಿಶ್ರಣ’ ಅಂತೂ ಪೂರಾ ತಪ್ಪು. ‘ಅಪ’ ಅಂದ ಕೂಡಲೇ ಕೆಡಿಸಿದ್ದು ಅಂತಾಯಿತು. ಅಪ್ಪಟ ವಜ್ರ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಅದರ ಶಕ್ತಿಪಟ್ಟಿಯ ಅಂತರ, ಅಂದರೆ ಎಲೆಕ್ಟ್ರಾನ್ ಬಿಡಿಸಿಕೊಂಡು ಹರಿಯಲು ಬೇಕಾದ ಶಕ್ತಿ, ಸುಮಾರು 5.5 ಎಲೆಕ್ಟ್ರಾನ್ ವೋಲ್ಟ್, ಸಿಲಿಕಾನ್‌ನದು 1.1. ಲಕ್ಷ ಇಂಗಾಲದ ನಡುವೆ ಒಂದು ಬೋರಾನ್ ಕೂತರೂ ಹರಿವು ಶುರುವಾಗುತ್ತದೆ. ಹೋಪ್ ಎಂಬ ಹೆಸರಾಂತ ವಜ್ರದ ನೀಲಿಗೂ ಇದೇ ಬೋರಾನ್ ಕಾರಣ. ಅದನ್ನೂ ಕಲಬೆರಕೆ ಮಾಲು ಅನ್ನುತ್ತೀರಾ?

ಮರುಪತ್ರ 3

ಬೆಳೆಸಿದ ಎಂಬುದು ಚೆನ್ನಾಗಿದೆ. ಆದರೆ ಅರ್ಧ ದಾರಿಗೆ ಯಾಕೆ ನಿಂತಿರಿ? ವಜ್ರಕ್ಕೆ ನಮ್ಮ ಹಿರಿಯರು ‘ಬಜ್ಜರ’ ಅಂದರು. ಅಂಗಾರವನ್ನು ‘ಇಂಗಳ’ ಮಾಡಿಕೊಂಡರು. ಎರವಲು ತಂದದ್ದನ್ನು ಬಾಯಿಗೆ ಒಗ್ಗಿಸಿಕೊಳ್ಳುವ ಆ ಧೈರ್ಯ ಈಗ ನಮಗಿಲ್ಲ. ‘ಬೆಳೆಸಿದ ಬಜ್ಜರ’ ಎಷ್ಟು ಚೆಂದ ಕೇಳುತ್ತದೆ! ಡೋಪಿಂಗ್‌ಗೆ ‘ಬೆರೆಸು’ ಸಾಕು.

ಮರುಪತ್ರ 1ರವರಿಂದ

ಬಜ್ಜರ ಇವತ್ತು ಯಾರ ಬಾಯಲ್ಲಿದೆ? ಫಲಕ ಓದುವವರು ಹತ್ತು ಹೆಜ್ಜೆ ದೂರದಲ್ಲಿ ನಿಂತಿರುತ್ತಾರೆ, ನಿಘಂಟು ಹಿಡಿದಿರುವುದಿಲ್ಲ. ಗಮಕದ ಮಾತು ಒಪ್ಪುತ್ತೇನೆ. ಅರೆವಾಹಕ ಒಪ್ಪುವುದಿಲ್ಲ.

ಮರುಪತ್ರ 2ರವರಿಂದ

ಓದುವವರ ಮೇಲೆ ಅಷ್ಟು ಕಾಳಜಿ ಇದ್ದರೆ ಅರ್ಧವಾಹಕ ಬಿಡಿ ಸರ್. ಅರೆವಾಹಕ ಪಠ್ಯಪುಸ್ತಕದಲ್ಲಿ ಕೂತಾಗಿದೆ. ಅದನ್ನು ಈಗ ಎಬ್ಬಿಸಿದರೆ ಓದುವವರಿಗೆ ಸುಮ್ನೆ ಗೊಂದಲ. ಎರವಲಿನ ವಿಷಯಕ್ಕೆ ಬಂದರೆ, ಡೋಪ್ ಎನ್ನುವುದನ್ನು ಇಂಗ್ಲಿಷಿನವರೇ ಡಚ್ಚರಿಂದ ತಂದುಕೊಂಡರು. ಅಲ್ಲಿ ಅದು ಅದ್ದಿಕೊಂಡು ತಿನ್ನುವ ಮಂದ ಸಾರು. ಅವರು ನಾಚಿಕೊಳ್ಳಲಿಲ್ಲ. ಡೋಪಿಂಗ್ ಅಂತ ಹಾಗೇ ಬರೆದರೆ ಕನ್ನಡಕ್ಕೇನೂ ಕುಂದಿಲ್ಲ.

ಮರುಪತ್ರ 3ರವರಿಂದ

ಕುಂದಿದೆ. ಆಟಗಾರರು ಮದ್ದು ತೆಗೆದುಕೊಂಡು ಸಿಕ್ಕಿಬಿದ್ದಾಗ ಪತ್ರಿಕೆಗಳಲ್ಲಿ ಬರುವುದು ಇದೇ ಪದ. ವಜ್ರದ ಪಕ್ಕ ಅದನ್ನು ಓದಿದ ಮಗುವಿನ ತಲೆಯಲ್ಲಿ ಏನು ಬರುತ್ತದೆ? ಬೆರೆಸು ಅಂದರೆ ಯಾರನ್ನೂ ಕೇಳುವುದು ಬೇಡ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಆ ಮದ್ದಿನ ಮಾತು ನನಗೆ ಹೊಳೆದೇ ಇರಲಿಲ್ಲ. ‘ಬೆಳೆಸಿದ ವಜ್ರ’ವನ್ನು ಮೊದಲಿನ ಇಬ್ಬರಿಗೂ ತೋರಿಸಿದೆ. ಈ ಸಲ ನಕಲಿ ಅಂತ ಕೇಳಲಿಲ್ಲ, “ಹೇಗೆ ಬೆಳೆಸುತ್ತಾರೆ?” ಅಂತ ಕೇಳಿದರು. ಅಚ್ಚಿಗೆ ಕೊಟ್ಟದ್ದು ಇಷ್ಟು:

“ಇದು ಬೆಳೆಸಿದ ವಜ್ರ. ಅಪ್ಪಟವಾಗಿದ್ದರೆ ಇದರಲ್ಲಿ ವಿದ್ಯುತ್ ಹರಿಯುವುದಿಲ್ಲ. ಬೆಳೆಯುವಾಗಲೇ ಚೂರು ಬೋರಾನ್ ಬೆರೆಸಿದರೆ ಅರೆವಾಹಕವಾಗುತ್ತದೆ.”

ಅರೆವಾಹಕ ಉಳಿಸಿಕೊಂಡಿದ್ದೇನೆ ಸರ್, ಬೇಸರ ಮಾಡಿಕೊಳ್ಳಬೇಡಿ. ಮುಂದಿನ ಫಲಕದಲ್ಲಿ ಬೋರಾನ್ ಬದಲು ರಂಜಕ ಬರುತ್ತದೆ, ಅಲ್ಲಿ ‘ಹೋಲ್’ (ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗ) ಮತ್ತು ‘ಡೋನರ್’ (ಎಲೆಕ್ಟ್ರಾನ್ ಕೊಡುವ ಪರಮಾಣು) ಎರಡಕ್ಕೂ ಪದ ಬೇಕು. ಅದಕ್ಕೆ ನಾಲ್ಕು ದಿನ ಸಮಯವಿದೆ.