ಸಹಾಯ ಬೇಕು: ಕ್ಯಾಟ್ ಮತ್ತೊಮ್ಮೆ ಬರೆಯಲೇ, ಸಿಕ್ಕ ಸೀಟಿಗೆ ಸೇರಲೇ?

ಎಲ್ಲರಿಗೂ ನಮಸ್ಕಾರ. ಕಳೆದ ನವೆಂಬರ್‌ನಲ್ಲಿ ಎಂಬಿಎ ಪ್ರವೇಶ ಪರೀಕ್ಷೆಯಾದ ಕ್ಯಾಟ್ ಬರೆದೆ. ಒಟ್ಟು 91 ಪರ್ಸೆಂಟೈಲ್ ಬಂದಿದೆ, ಅಂದರೆ ಬರೆದವರಲ್ಲಿ ಸುಮಾರು ಶೇ 91ರಷ್ಟು ಜನರಿಗಿಂತ ಮುಂದಿದ್ದೇನೆ. ಗಣಿತ, ಇಂಗ್ಲಿಷ್ ಕೈಹಿಡಿದವು; ದತ್ತಾಂಶ ಮತ್ತು ತರ್ಕದ ವಿಭಾಗದಲ್ಲಿ ಮಾತ್ರ 64ಕ್ಕೆ ನಿಂತೆ. ಆ 40 ನಿಮಿಷ ಇನ್ನೂ ಕಣ್ಣಮುಂದಿದೆ. ಮೊದಲ ಸೆಟ್‌ನ (ಒಂದೇ ಮಾಹಿತಿಯ ಮೇಲಿನ ಪ್ರಶ್ನೆಗಳ ಗುಂಪು) ಕೋಷ್ಟಕವನ್ನು ಹಾಳೆಯಲ್ಲಿ ಮೂರು ಸಲ ಬರೆದು ಹೊಡೆದುಹಾಕಿದೆ, ಬಿಡಲು ಮನಸ್ಸಾಗಲಿಲ್ಲ. ತಲೆಯೆತ್ತಿದಾಗ ಪರದೆಯ ಮೇಲೆ 18 ನಿಮಿಷವಷ್ಟೇ ಉಳಿದಿತ್ತು. ಒಂದು ವಿಭಾಗದ ಸಮಯವನ್ನು ಇನ್ನೊಂದಕ್ಕೆ ಬಳಸುವಂತಿಲ್ಲವಲ್ಲ! ಎಂಬಿಎ ಕಲಿಸುವ ಹೆಸರಾಂತ ಸಂಸ್ಥೆಗಳಾದ ಐಐಎಂಗಳು ವಿಭಾಗವಾರು ಕನಿಷ್ಠ ಮಿತಿಯನ್ನೂ ನೋಡುತ್ತವೆ. ನನಗೆ ಎಲ್ಲಿಂದಲೂ ಸಂದರ್ಶನಕ್ಕೆ ಕರೆ ಬರಲಿಲ್ಲ.

ಈಗ ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಶುಲ್ಕ 14 ಲಕ್ಷ, ಸಾಲ ಮಾಡಲೇಬೇಕು. ಅಪ್ಪ ದಾವಣಗೆರೆಯ ಮನೆಯ ಪತ್ರವನ್ನು ಬ್ಯಾಂಕಿನಲ್ಲಿ ಇಡುತ್ತೇನೆ ಎನ್ನುತ್ತಾರೆ; ನನಗೆ ಧೈರ್ಯ ಬರುತ್ತಿಲ್ಲ. ಕೆಲಸ ಬಿಡದೆ, ಬೆಳಿಗ್ಗೆ ಎರಡು ಗಂಟೆ ಓದಿ ಇನ್ನೊಮ್ಮೆ ಬರೆಯುವ ಆಸೆಯಿದೆ.

ಎರಡನೇ ಸಲ ಬರೆದವರು ದಯವಿಟ್ಟು ಹೇಳಿ, ಈ ವಿಭಾಗದಲ್ಲಿ ನಿಮ್ಮ ಅಂಕ ನಿಜಕ್ಕೂ ಏರಿತೇ? ಯಾವ ಸೆಟ್ ಬಿಡಬೇಕೆಂದು ಬೇಗ ಗುರುತಿಸುವುದನ್ನು ಹೇಗೆ ರೂಢಿಸಿಕೊಂಡಿರಿ? ಸೀಟಿಗೆ ಹಣ ಕಟ್ಟಲು ಇದೇ ಶುಕ್ರವಾರ ಕೊನೆಯ ದಿನ.